ಸಿಯೋಲಿನ ಗುಂಪಿನಲ್ಲಿ ದೀಪದ ಕೋಲು ಹಿಡಿದು ನಿಂತಿದ್ದೆ, ತಪ್ಪಾಯಿತೇ?

ಪ್ರಶ್ನೆ: ಶಿರಸಿ ಹುಡುಗಿ, ಸಿಯೋಲ್

ನಾನಿಲ್ಲಿ ಸಂಶೋಧನಾ ವಿದ್ಯಾರ್ಥಿನಿ, ಬಂದು ಎರಡು ವರ್ಷವಾಯಿತು. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದ್ದು, ಬೆಳಗಾಗುವುದರೊಳಗೆ ಅದು ರದ್ದಾದದ್ದು ನಿಮಗೆಲ್ಲ ಗೊತ್ತು. ನನ್ನ ಪ್ರಶ್ನೆ ಅದೇ ತಿಂಗಳ 14ನೇ ತಾರೀಖು, ಶನಿವಾರದ್ದು.

ಅಂದು ಸಂಸತ್ತಿನಲ್ಲಿ ಎರಡನೆಯ ಬಾರಿ ಅಧ್ಯಕ್ಷರ ವಿರುದ್ಧ ಮಹಾಭಿಯೋಗದ (ಪದಚ್ಯುತಿಗಾಗಿ ಆರೋಪ ಹೊರಿಸುವ) ಮತದಾನ. ನೋಡಿ ಬರೋಣ, ಅಷ್ಟೇ ಎಂದುಕೊಂಡು ಮಾಪೊದಲ್ಲಿ ಇಳಿದು, ಹಾನ್ ನದಿಯ ಸೇತುವೆಯನ್ನು ನಡೆದೇ ದಾಟಿ ಸಂಸತ್ತು ಇರುವ ಯೊಯಿಡೊ ತಲುಪಿದೆ. ಜನವೋ ಜನ. ನಮ್ಮ ಮಾರಿಕಾಂಬಾ ಜಾತ್ರೆಯಲ್ಲೂ ತೇರಿನ ಹತ್ತಿರ ಇಷ್ಟು ಒತ್ತಾಗಿ ನಿಂತಿರಲಿಲ್ಲ. ಆದರೂ ಯಾರ ಕಾಲನ್ನೂ ಯಾರೂ ತುಳಿಯಲಿಲ್ಲ. ಕಾಫಿ ಅಂಗಡಿಗಳಲ್ಲಿ ಯಾರೋ ಗುರುತಿಲ್ಲದವರು ಮೊದಲೇ ದುಡ್ಡು ಕಟ್ಟಿಟ್ಟಿದ್ದರು, ಬಂದವರು ಕುಡಿಯಲಿ ಎಂದು. ಪಕ್ಕದಲ್ಲಿ ಕುಳಿತಿದ್ದ ಅಜುಮ್ಮಾ (ಇಲ್ಲಿ ನಡುವಯಸ್ಸಿನ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಕೇಳದೆಯೇ ನನ್ನ ಅಂಗೈಗೆ ಕೈ ಬೆಚ್ಚಗಿಡುವ ಬಿಸಿ ಪೊಟ್ಟಣವೊಂದನ್ನು ಒತ್ತಿ, ತನ್ನ ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಟ್ಟರು.

ಮುಂದೆ ಇದ್ದವಳು ಹೈಸ್ಕೂಲು ಹುಡುಗಿ. ಪಾಪ್ ತಂಡಗಳ ಕಾರ್ಯಕ್ರಮಕ್ಕೆ ಒಯ್ಯುವ ಬಣ್ಣದ ದೀಪದ ಕೋಲು ಅವಳ ಕೈಯಲ್ಲಿತ್ತು. ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಇತ್ತು ಅನ್ನಿ. "ಅಕ್ಕಾ, ಸ್ವಲ್ಪ ಹಿಡಿದುಕೊಳ್ಳಿ, ಶೌಚಾಲಯಕ್ಕೆ ಹೋಗಿ ಬರುತ್ತೇನೆ" ಎಂದಳು. ಅಲ್ಲಿನ ಸಾಲು ಎಷ್ಟು ಉದ್ದವಿತ್ತೋ, ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಅಷ್ಟರಲ್ಲಿ ಸಭಾಧ್ಯಕ್ಷರು ಫಲಿತಾಂಶ ಓದಿದರು. 300ರಲ್ಲಿ 200 ಬೇಕಿತ್ತು, 204 ಬಂತು. ಅಜುಮ್ಮಾ ನನ್ನನ್ನು ತಬ್ಬಿಕೊಂಡು ಅತ್ತರು. ನನ್ನ ಕೈ ತಾನಾಗಿ ಮೇಲೆದ್ದಿತು, ಕೋಲಿನ ಸಮೇತ.

ಜೊತೆಗೆ ಬಂದಿದ್ದ ಸಹಪಾಠಿ ಅದೇ ಕ್ಷಣದ ಫೋಟೊ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಾನೆ. ವಿದೇಶಿಯರು ರಾಜಕೀಯ ಮಾಡುವಂತಿಲ್ಲ ಎಂದು ಲ್ಯಾಬಿನಲ್ಲಿ ಒಬ್ಬರು ಗಂಭೀರವಾಗಿ ಹೇಳಿದಂದಿನಿಂದ ನಿದ್ದೆ ಸರಿಯಾಗಿಲ್ಲ. ವೀಸಾಕ್ಕೆ ತೊಂದರೆಯಾದೀತೇ?

ಉತ್ತರ: ಸುವಾನ್ ನಿವಾಸಿ

ತಂಗಿ, ನಿಮ್ಮ ಲ್ಯಾಬಿನವರು ಹೇಳಿದ್ದು ಸುಳ್ಳಲ್ಲ. ಇಲ್ಲಿನ ವಲಸೆ ಕಾಯಿದೆಯ 17ನೇ ವಿಧಿಯಲ್ಲಿ ಅದು ಇದೆ. ಮೀರಿದವರಿಗೆ ನಿಲ್ಲಿಸಿ ಎಂದು ಸಚಿವರು ಲಿಖಿತ ಆದೇಶ ಕೊಡಬಹುದು. ಆದರೆ ಗುಂಪಿನಲ್ಲಿ ನಿಂತು ನೋಡುವುದು ಬೇರೆ, ಮೈಕು ಹಿಡಿಯುವುದು ಬೇರೆ. ಈ ಎರಡರ ನಡುವೆ ಎಲ್ಲೋ ನಿಮ್ಮ ದೀಪದ ಕೋಲು ಇದೆ. ಒಂದು ಕೋಲಿಗಾಗಿ ಯಾರೂ ಬಾಗಿಲು ಬಡಿಯಲಾರರು ಎಂದು ನನ್ನ ಅಂದಾಜು. ಆದರೂ ಇನ್ನು ಮುಂದೆ ದೂರ ನಿಲ್ಲಿ. ಇಂಥ ಗುಂಪುಗಳು ಮುಂದೆಯೂ ಸೇರಬಹುದು. ಕಾಯಂ ನಿವಾಸಿಯಾದ ನಾನು ಸುವಾನ್ ಮೇಯರ್ ಚುನಾವಣೆಯಲ್ಲಿ ಮತ ಹಾಕುತ್ತೇನೆ, ಅಧ್ಯಕ್ಷರ ಚುನಾವಣೆಯಲ್ಲಿ ಹಾಕುವಂತಿಲ್ಲ. ಅರ್ಧ ಅಳಿಯ ಎಂದುಕೊಳ್ಳಿ.

ಉತ್ತರ: ಬೆಂಗಳೂರಿನಿಂದ

ಕೊರಿಯಾದವರನ್ನು ಬೈಯುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. 2019ರ ಡಿಸೆಂಬರಿನಲ್ಲಿ, ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆಯಲ್ಲಿ ಫಲಕ ಹಿಡಿದು ನಿಂತದ್ದಕ್ಕೆ ಐಐಟಿ ಮದ್ರಾಸಿನಲ್ಲಿ ಓದುತ್ತಿದ್ದ ಜರ್ಮನ್ ವಿದ್ಯಾರ್ಥಿ ದೇಶ ಬಿಡಬೇಕಾಯಿತು. ಅವನ ಕೈಯಲ್ಲೂ ಇದ್ದದ್ದು ಒಂದು ರಟ್ಟು, ಅಷ್ಟೇ.

ಉತ್ತರ: ಹಳೆಯ ಹಾಂಕಾಂಗಿಗ

ನೀವು ನಿಮ್ಮ ವೀಸಾದ ಚಿಂತೆಯಲ್ಲಿದ್ದೀರಿ, ಸಹಜ. ಆ ಫೋಟೊದಲ್ಲಿ ಬೇರೆ ಯಾರ ಮುಖಗಳಿವೆ? 2019ರಲ್ಲಿ ಪ್ರತಿಭಟನೆಗೆ ಹೊರಟ ಹಾಂಕಾಂಗಿನ ಹುಡುಗರು ಕಾರ್ಡು ಉಜ್ಜಿದರೆ ಗುರುತು ಸಿಗುತ್ತದೆಂದು ಮೆಟ್ರೊ ಯಂತ್ರದ ಮುಂದೆ ಚಿಲ್ಲರೆ ಹಿಡಿದು ಸಾಲು ನಿಲ್ಲುತ್ತಿದ್ದರು. ಅವರ ಪಕ್ಕದಲ್ಲೇ ನಮ್ಮಂಥವರು ನಗುನಗುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದೆವು. ಇಂದಿಗೂ ನಾಚಿಕೆಯಾಗುತ್ತದೆ. ಮೊದಲು ಅದನ್ನು ತೆಗೆಸಿ.

ಶಿರಸಿ ಹುಡುಗಿ

ತೆಗೆಸಿದೆ. ಅಜುಮ್ಮಾರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ನನಗೆ ಹೊಳೆದೇ ಇರಲಿಲ್ಲ. ಧನ್ಯವಾದ.

ಒಂದನ್ನು ಬರೆಯಲು ಮರೆತಿದ್ದೆ. ಆ ಹುಡುಗಿ ಕೊನೆಗೂ ಓಡೋಡಿ ಬಂದಳು. ಗದ್ದಲ ಅವಳ ಕಿವಿಗೂ ಬಿದ್ದಿತ್ತು, ಗೆದ್ದದ್ದೂ ಗೊತ್ತಾಗಿತ್ತು, ಸಂಖ್ಯೆ ಮಾತ್ರ ಗೊತ್ತಿರಲಿಲ್ಲ. "ಎಷ್ಟು, ಎಷ್ಟು?" ಎಂದು ನನ್ನನ್ನೇ ಕೇಳಿದಳು. ಕೊರಿಯನ್ ಅಂಕಿಗಳಲ್ಲಿ ನಾನು ಈಗಲೂ ತಡವರಿಸುತ್ತೇನೆ. ಅಂದು ತಡವರಿಸಲಿಲ್ಲ. "ಇ ಬೆಕ್ ಸಾ" ಎಂದೆ, ಇನ್ನೂರ ನಾಲ್ಕು. ಕೋಲು ಇಸಿದುಕೊಂಡು ಅಲ್ಲೇ ಕುಣಿಯತೊಡಗಿದಳು.