ಲಾಡ್ಜ್ ವೈಫೈ: ಅತಿಥಿಗಳ ಫೋನು, ಕ್ಯಾಮೆರಾ, ಬಿಲ್ಲಿಂಗ್‌ಗೆ ಬೇರೆ ಬೇರೆ ಐಪಿ ಹಂಚೋದು ಹೇಗೆ?

ಇರ್ವಿನ್‌ರಸ್ತೆ_ನೆಟ್:
ಮೈಸೂರಲ್ಲಿ 42 ರೂಮಿನ ಲಾಡ್ಜ್. ಒಂದು ಮೈಕ್ರೋಟಿಕ್ ರೂಟರ್, ಎರಡು ಮಾಮೂಲಿ ಸ್ವಿಚ್, ಮಹಡಿಗೊಂದು ಆಕ್ಸೆಸ್ ಪಾಯಿಂಟ್, ಮೂರಕ್ಕೂ ಬೇರೆ ಬೇರೆ ವೈಫೈ ಹೆಸರು. ಎಲ್ಲಾ 192.168.1.0/24 ಅನ್ನೋ ಒಂದೇ ಸಬ್‌ನೆಟ್‌ನಲ್ಲೇ (ಅಡ್ರೆಸ್ ಗುಂಪು) ಇದೆ, ಲೀಸ್ (ಕೊಟ್ಟ ಅಡ್ರೆಸ್ ಆ ಸಾಧನಕ್ಕೇ ಮೀಸಲಿರೋ ಅವಧಿ) 3 ದಿನ. ದಸರಾ ಜನ ಬಂದಮೇಲೆ ಸಂಜೆ ಹೊತ್ತಿಗೆ ಹೊಸ ಫೋನಿಗೆ ಅಡ್ರೆಸ್ಸೇ ಸಿಗಲ್ಲ. ಬಿಲ್ ಪ್ರಿಂಟರ್ 169.254 ತೋರಿಸುತ್ತೆ. ಡಿಎಚ್‌ಸಿಪಿಯಲ್ಲಿ (ಅಡ್ರೆಸ್ ತಾನಾಗೇ ಹಂಚೋ ವ್ಯವಸ್ಥೆ) ಮೂರು ಪೂಲ್ (ಹಂಚೋಕೆ ಇಟ್ಟ ಅಡ್ರೆಸ್‌ಗಳ ಸಾಲು) ಮಾಡಿ ಹಂಚಿದರೆ ಸಾಕಾ?

ಸಬ್‌ನೆಟ್‌ಸ್ವಾಮಿ:
169.254 ಅಂದ್ರೆ ಸರ್ವರ್ ಉತ್ತರ ಕೊಡದೆ ಪ್ರಿಂಟರ್ ತಾನೇ ಹಾಕ್ಕೊಂಡ ಅಡ್ರೆಸ್. ಲೆಕ್ಕ ಹಾಕಿ: ರೂಮಿಗೆ 3 ಫೋನ್ ಅಂದ್ರೂ ದಿನಕ್ಕೆ 126. ಅತಿಥಿ ಬೆಳಿಗ್ಗೆ ಹೊರಟರೂ ಅವರ ಅಡ್ರೆಸ್ 3 ದಿನ ಹಾಗೇ ಕೂತಿರುತ್ತೆ. ಅಂದ್ರೆ 3 ದಿನಕ್ಕೆ 378 ಬೇಕು, ನಿಮ್ಮ ಹತ್ರ ಇರೋದು 254.

ಇನ್ನೊಂದು ಕಳ್ಳ ಜಾಗ ಆ ಮೂರು ವೈಫೈ ಹೆಸರು. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನುಗಳು ಒಂದೊಂದು ವೈಫೈ ಹೆಸರಿಗೂ ಬೇರೆ ಮ್ಯಾಕ್ (ಡಿಎಚ್‌ಸಿಪಿ ಸಾಧನವನ್ನ ಗುರುತಿಸೋ ನಂಬರ್) ತೋರಿಸುತ್ತವೆ. ಒಂದೇ ಫೋನ್ ಮಹಡಿ ಹತ್ತಿ ಇಳಿದರೆ ಮೂರು ಲೀಸ್ ಹೋಯ್ತು. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. ಲೀಸ್ 4 ಗಂಟೆಗೆ ಇಳಿಸಿ. ಅರ್ಧ ಅವಧಿಗೇ ಫೋನ್ ನವೀಕರಿಸಿಕೊಳ್ಳೋದರಿಂದ ಉಳಿದುಕೊಂಡವರಿಗೆ ಗೊತ್ತೂ ಆಗಲ್ಲ. ಇವತ್ತು ರಾತ್ರಿ ಇಷ್ಟು ಮಾಡಿದರೆ ಹಬ್ಬ ಕಳೆಯುತ್ತೆ.

ಮಂಡ್ಯ_ಲಿನಕ್ಸ್:
ಪೂಲ್ ಮೂರು ಮಾಡಿದರೂ ಸಬ್‌ನೆಟ್ ಒಂದೇ ಆದ್ರೆ ಬೇಲಿ ಇಲ್ಲದ ಗದ್ದೆ ಇದ್ದ ಹಾಗೆ. ಕೈಯಲ್ಲೇ 192.168.1.20 ಅಂತ ಟೈಪ್ ಮಾಡಿದ ಅತಿಥಿ ಬಿಲ್ಲಿಂಗ್ ಪಕ್ಕದಲ್ಲೇ ಕೂರ್ತಾನೆ. ವೆಂಡರ್ ಕ್ಲಾಸ್ (ಆಪ್ಷನ್ 60) ನೋಡಿ ಗುಂಪು ಮಾಡಬಹುದು, ಆದ್ರೆ ಅದು ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋ ಮಾತು. ಭದ್ರತೆಗೆ ಅದನ್ನ ನಂಬಬೇಡಿ.

ವಿಲ್ಯಾನ್ ಮಾಡಿ, ಅಂದ್ರೆ ಒಂದೇ ವೈರಿನ ಮೇಲೆ ನಂಬರ್ ಕೊಟ್ಟು ಬೇರೆ ಬೇರೆ ನೆಟ್‌ವರ್ಕ್: 10 ಬಿಲ್ಲಿಂಗ್, 10.20.10.0/24. 20 ಕ್ಯಾಮೆರಾ, 10.20.20.0/24. 30 ಅತಿಥಿಗಳು, 10.20.32.0/22, ಅಂದ್ರೆ 1022 ಅಡ್ರೆಸ್. ವಿಲ್ಯಾನ್ 30 ಅಂತ 10.20.30.0/22 ಬರೆದುಬಿಡ್ತಾರೆ, ಅದು ನಿಜಕ್ಕೂ 10.20.28.0ರಿಂದ ಶುರುವಾಗುತ್ತೆ. ವಿಲ್ಯಾನಿಗೊಂದು ಡಿಎಚ್‌ಸಿಪಿ ಸರ್ವರ್ ಕೂರಿಸಿ. ಕೋರಿಕೆ ಯಾವ ವಿಲ್ಯಾನ್‌ನಿಂದ ಬಂತೋ ಆ ಪೂಲಿನಿಂದಲೇ ಅಡ್ರೆಸ್ ಹೋಗುತ್ತೆ. ಪೂಲ್ ಮಾಡಿ, ಡಿಎಚ್‌ಸಿಪಿ ಸೆಟ್ಟಿಂಗ್‌ನಲ್ಲಿ ಗೇಟ್‌ವೇ (ಹೊರಗೆ ಹೋಗೋ ದಾರಿ) ಬರೆಯೋ ನೆಟ್‌ವರ್ಕ್ ಸಾಲು ಮರೆತರೆ ಅಡ್ರೆಸ್ ಸಿಕ್ಕರೂ ಗೇಟ್‌ವೇ ಸಿಗಲ್ಲ.

ಮಾಮೂಲಿ ಸ್ವಿಚ್ ಎರಡನ್ನೂ ವಿಲ್ಯಾನ್ ಸೆಟ್ ಮಾಡಬಹುದಾದ ಮ್ಯಾನೇಜ್ಡ್ ಸ್ವಿಚ್‌ಗೆ ಬದಲಾಯಿಸಲೇಬೇಕು. ಬ್ರಿಡ್ಜ್‌ನಲ್ಲಿ (ರೂಟರ್ ಪೋರ್ಟುಗಳನ್ನ ಒಟ್ಟಿಗೆ ಸೇರಿಸೋ ಸೆಟ್ಟಿಂಗ್) ವಿಲ್ಯಾನ್ ಫಿಲ್ಟರಿಂಗ್ ಆನ್ ಮಾಡೋದು ಕಟ್ಟಕಡೆಗೆ, ಒಂದು ಪೋರ್ಟ್ ಬ್ರಿಡ್ಜ್ ಹೊರಗಿಟ್ಟು. ಇಲ್ಲದಿದ್ರೆ ರೂಟರ್ ಒಳಗೆ ಬಿಡಲ್ಲ. ಫೈರ್‌ವಾಲ್‌ನಲ್ಲಿ 30ರಿಂದ 10, 20ಕ್ಕೆ ಹೋಗೋ ಹೊಸ ಸಂಪರ್ಕ ಡ್ರಾಪ್ ಮಾಡಿ. ಮಾಡದಿದ್ರೆ ರೂಟರೇ ಮಧ್ಯೆ ದಾರಿ ಬಿಡುತ್ತೆ.

ಇರ್ವಿನ್‌ರಸ್ತೆ_ನೆಟ್:
ಕ್ಯಾಮೆರಾಗಳಿಗೆ ಕೈಯಲ್ಲೇ ಐಪಿ ಹಾಕಿದ್ದಾರೆ. ಅವೂ ಡಿಎಚ್‌ಸಿಪಿಗೇ ಬರಬೇಕಾ?

ಸಬ್‌ನೆಟ್‌ಸ್ವಾಮಿ:
ಬಂದರೆ ಒಳ್ಳೇದು. ಸ್ವಿಚ್ ಪೋರ್ಟನ್ನ ವಿಲ್ಯಾನ್ 20ಕ್ಕೆ ಬದಲಾಯಿಸೋ ಮುಂಚೆಯೇ ಪ್ರತಿ ಕ್ಯಾಮೆರಾವನ್ನ ಡಿಎಚ್‌ಸಿಪಿಗೆ ತಿರುಗಿಸಿ. ಇಲ್ಲದಿದ್ರೆ ಆಮೇಲೆ ಹಳೇ ಐಪಿಯಲ್ಲೇ ಉಳಿದು ಕಾಣದಾಗುತ್ತವೆ. ಅಡ್ರೆಸ್‌ನ ಕೊನೇ ಸಂಖ್ಯೆ ಪೂಲಿಗೆ 100ರಿಂದ 200, ಮ್ಯಾಕ್‌ಗೆ ಕಟ್ಟಿದ (ಆ ಕ್ಯಾಮೆರಾಗೇ ಕಾಯಂ ಆದ) ಅಡ್ರೆಸ್‌ಗೆ 100ರ ಕೆಳಗೆ. ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಕ್ಯಾಮೆರಾ ಐಪಿಗಳನ್ನ ಬರೆದಿಟ್ಟುಕೊಂಡಿರುತ್ತೆ, ಅಲ್ಲೂ ತಿದ್ದಿ. ಬಿಲ್ಲಿಂಗ್ ಪಿಸಿಯ ಪ್ರಿಂಟರ್ ಪೋರ್ಟ್ ಸೆಟ್ಟಿಂಗ್‌ನಲ್ಲೂ ಪ್ರಿಂಟರ್ ಐಪಿ ಹಾಗೇ ತಿದ್ದಿ.