ಸಿ – ಎ ಮೈನರ್ – ಎಫ್ – ಜಿ: ಇನ್‌ವರ್ಶನ್ ಹಾಕಿದರೂ ಸದ್ದು ತುಂಡಾಗುತ್ತೆ

ಹೊಸರಾಗ: ಕೀಬೋರ್ಡಿನಲ್ಲಿ ಈ ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಎಲ್ಲವನ್ನೂ ರೂಟ್ ಪೊಸಿಷನ್‌ನಲ್ಲಿ (ರೂಟ್ ಅಂದರೆ ಮೂಲಸ್ವರ ಕೆಳಗೆ) ಹಿಡಿಯದೆ ಇನ್‌ವರ್ಶನ್ (ಅದೇ ಸ್ವರಗಳು, ಕೆಳಗೆ ಬೇರೊಂದು) ಹಾಕಿ ನುಡಿಸುತ್ತಿದ್ದೇನೆ. ಕೈ ಹೆಚ್ಚು ಕದಲುವುದೇ ಇಲ್ಲ. ಆದರೂ ಕಾರ್ಡ್ ಬದಲಾದಾಗಲೆಲ್ಲ ಸದ್ದು ತುಂಡಾಗುತ್ತೆ. ನಿಧಾನ ಮಾಡಿದರೂ ಅಷ್ಟೇ. ತಲೆ ಕೆಟ್ಟುಹೋಗಿದೆ.

ಮಂದ್ರ: ಪೆಡಲ್ (ಕೀ ಬಿಟ್ಟರೂ ಸದ್ದು ಉಳಿಸುವಂಥದ್ದು) ಸಮಸ್ಯೆ. ಹೊಸ ಕಾರ್ಡ್ ಇಳಿಯುವ ಕ್ಷಣಕ್ಕೆ ಪಾದ ಎತ್ತಿ, ಕೀ ಹಿಡಿದಿರುವಾಗಲೇ ಮತ್ತೆ ಒತ್ತಿ.

ಹೊಸರಾಗ: ಪೆಡಲ್ ಬಳಸುತ್ತಲೇ ಇಲ್ಲ.

ಮಂದ್ರ: ಹಾಗಾದರೆ ಕಾರಣ ಅದೇ. ಹಾಫ್ ಪೆಡಲ್ (ಅರ್ಧ ಒತ್ತಿದರೆ ಸದ್ದು ಸ್ವಲ್ಪವೇ ಉಳಿಯುವಂಥದ್ದು) ಇರುವುದನ್ನೇ ತಗೊಳ್ಳಿ, ಆನ್-ಆಫ್ ಸ್ವಿಚ್ ಥರದ್ದು ಬೇಡ.

ಕಪ್ಪುಬಿಳಿ: ಪೆಡಲ್ ತಪ್ಪನ್ನು ಮುಚ್ಚುತ್ತೆ ಅಷ್ಟೇ. ಯಾವ ಕೈ, ಯಾವ ಬೆರಳು ಅಂತ ಬರೆಯಿರಿ.

ಹೊಸರಾಗ: ಬಲಗೈ (1 ಹೆಬ್ಬೆರಳು, 5 ಕಿರುಬೆರಳು). ಸಿ-ಇ-ಜಿ 1-3-5, ಸಿ-ಇ-ಎ 1-2-5, ಸಿ-ಎಫ್-ಎ 1-3-5, ಬಿ-ಡಿ-ಜಿ 1-2-5. ಎಡಗೈಯಲ್ಲಿ ಬರೀ ರೂಟ್.

ಕಪ್ಪುಬಿಳಿ: ಸಿಕ್ಕಿತು. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ಸರಿ, ಸಾಲಾಗಿ ನುಡಿಸಿದರೆ ತಪ್ಪು. ಮೊದಲೆರಡು ಕಾರ್ಡಿಗೂ ಇ ಇದೆ, ಆದರೆ ನೀವು ಅದನ್ನು 3 ಬಿಟ್ಟು 2ರಲ್ಲಿ ಹಿಡಿಯುತ್ತೀರಿ. ಮೇಲೆ ಜಿ, ಎ ಎರಡಕ್ಕೂ 5 ಒಂದೇ, ಹಾರಲೇಬೇಕು. ಮುಂದಿನ ಕಾರ್ಡ್ ನೋಡಿಕೊಂಡು ಈಗಿನ ಬೆರಳು ಆರಿಸಿ:

ಸಿ-ಇ-ಜಿ 1-2-4
ಸಿ-ಇ-ಎ 1-2-5 (4ರಿಂದ 5ಕ್ಕೆ ಮಾತ್ರ)
ಸಿ-ಎಫ್-ಎ 1-3-5 (2ರಿಂದ 3ಕ್ಕೆ ಮಾತ್ರ)
ಬಿ-ಎಫ್-ಜಿ 1-3-4 (ಎಫ್ ಬಿಡಬೇಡಿ)
ಮತ್ತೆ ಸಿ-ಇ-ಜಿ 1-2-4 (ಜಿ ಬಿಡಬೇಡಿ)

ಹೆಬ್ಬೆರಳು ಮೂರು ಕಾರ್ಡ್ ಪೂರ್ತಿ ಸಿ ಮೇಲೇ ಇರುತ್ತೆ. ಆಮೇಲೆ ಬಿಗೆ ಇಳಿದು ವಾಪಸ್.

ಮಂದ್ರ: ಅದು ಜಿ7 (ಜಿ ಕಾರ್ಡಿಗೆ ಎಫ್ ಸೇರಿದ್ದು). ಅವರು ಕೇಳಿದ್ದು ಜಿ. ಡಿ ಎಲ್ಲಿ?

ಕಪ್ಪುಬಿಳಿ: ಎಡಗೈಯಲ್ಲಿ ಜಿ ಇದೆ, ಐದನೇ ಸ್ವರ ಡಿ ಬಿಟ್ಟರೆ ಕಾರ್ಡಿನ ಗುರುತು ಹೋಗಲ್ಲ. ಬರೀ ಜಿ ಬೇಕೆಂದರೆ ಬಿ-ಡಿ-ಜಿ 1-2-5 ಇರಲಿ. ಎಫ್‌ಗೂ ಜಿಗೂ ಒಂದು ಸ್ವರವೂ ಸಮಾನ ಇಲ್ಲ, ಆದ್ದರಿಂದ 2 ಡಿ ಮೇಲೆ ಇಳಿಯುವವರೆಗೆ 3 ಎಫ್ ಹಿಡಿದಿರಬೇಕು. 1, 5 ಹೇಗೂ ತುಂಡಾಗುತ್ತವೆ. ಪೆಡಲ್ ಬೇಕಾದ ಜಾಗ ಅದೊಂದೇ.

ಎಡಗೈ (ಇನ್ನೊಬ್ಬ ಸದಸ್ಯ): ಪ್ರತಿ ಬೀಟಿಗೂ ಕಾರ್ಡ್ ಒತ್ತುವುದಾದರೆ ಈ ಹಿಡಿದಿಡುವ ಲೆಕ್ಕವೇ ಬೇರೆ. ಎರಡು ಸೆನ್ಸರಿನ (ಕೀ ಒತ್ತಿದ್ದನ್ನು ಗುರುತಿಸುವ ಭಾಗ) ಕೀ ಬಹುತೇಕ ಪೂರ್ತಿ ಮೇಲೆ ಬರದೆ ಮತ್ತೆ ಸದ್ದು ಕೊಡಲ್ಲ. ನನ್ನದು ಮೂರು ಸೆನ್ಸರ್. ಅರ್ಧ ಮೇಲೆ ಬಂದರೂ ಸಾಕು.

ಮಂದ್ರ: ಮೂರು ಸೆನ್ಸರಿದ್ದರೂ ಪೆಡಲ್ ಬೇಕೇ ಬೇಕು.

ಹೊಸರಾಗ: ಸಿ, ಎ ಮೈನರ್, ಎಫ್ ಈಗ ಅಂಟಿಕೊಂಡಂತೆ ಬರುತ್ತಿದೆ! ಆದರೆ ಹೆಬ್ಬೆರಳು ಬಿಗೆ ಇಳಿಯುವಾಗ 3 ಎಫ್‌ನಿಂದ ಎದ್ದುಬಿಡುತ್ತೆ.

ಕಪ್ಪುಬಿಳಿ: ಮಣಿಕಟ್ಟು ಬಿಗಿಯಾಗಿದೆ. 3ರಲ್ಲಿ ಎಫ್ ಒತ್ತಿಟ್ಟುಕೊಂಡು ಹೆಬ್ಬೆರಳನ್ನು ಮಾತ್ರ ಸಿ-ಬಿ-ಸಿ ಓಡಾಡಿಸಿ, ಮಣಿಕಟ್ಟು ತುಸು ಎಡಕ್ಕೆ ಸರಿಯಲಿ. ಬೇರೆಯಾಗಿ 5-4ರಲ್ಲಿ ಎ-ಜಿ. ಮೆಟ್ರೊನೋಮ್ (ಬೀಟ್ ಎಣಿಸುವ ಸಾಧನ) ನಿಮಿಷಕ್ಕೆ 60, ಒಂದು ಕಾರ್ಡಿಗೆ ನಾಲ್ಕು ಬೀಟ್. ಎಫ್ ಎದ್ದರೆ ವೇಗ ಇನ್ನೂ ಇಳಿಸಿ.