ಚಿಕ್ಕಮ್ಮನ ಡೇಟಾ ಎಲ್ಲಿಗೆ ಹೋಗುತ್ತಿದೆ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಬೆಳಗ್ಗೆಯೇ ನೋಡಿದೆ. ಆಗ ಬಸ್ಸಿನಲ್ಲಿದ್ದೆ. ಈಗ ಮನೆಗೆ ಬಂದು ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಎಲ್ಲ ಮುಗಿಸಿಕೊಂಡು ನಿಧಾನಕ್ಕೆ ಕೇಳಿ. "ದಿನಕ್ಕೆ ಒಂದೂವರೆ ಜಿಬಿ ಅಂತಾರೆ, ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿ. ನಾನು ಏನೂ ನೋಡುವುದೇ ಇಲ್ಲ. ಕಂಪನಿಯವರೇ ಕದೀತಾರೆ. ಅದಕ್ಕೇ ಡೇಟಾ ಆಫ್ ಮಾಡಿ ಇಟ್ಟಿದ್ದೇನೆ" ಅಂತ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೀರಿ ಅಲ್ವಾ.

ಮೊದಲು ಡೇಟಾ ಆನ್ ಮಾಡಿ. ಮೊನ್ನೆ ರಾತ್ರಿ ಅಕ್ಕ ಜರ್ಮನಿಯಿಂದ ನಾಲ್ಕು ಸಲ ವಿಡಿಯೋ ಕಾಲ್ ಮಾಡಿದ್ದಾಳೆ. ನೀವು ಸಿಗಲಿಲ್ಲ ಅಂತ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಅವಳ ಮಗ ಪುಟ್ಟ, ತನ್ನ ಹಲ್ಲು ಬಿದ್ದಿದ್ದನ್ನು ಅಜ್ಜಿಗೆ ತೋರಿಸಬೇಕು ಅಂತ ಕಾದು ಕೂತಿದ್ದನಂತೆ. ಡೇಟಾ ಉಳಿಸೋಕೆ ಹೋಗಿ ಇಂಥದ್ದು ತಪ್ಪಿಹೋದರೆ ನನಗೆ ತುಂಬಾ ಬೇಜಾರಾಗುತ್ತದೆ.

ಇನ್ನು ಕದಿಯುವ ಮಾತು. ಹೋದ ತಿಂಗಳು ಊರಿಗೆ ಬಂದಾಗ ಅಮ್ಮನೂ ಇದನ್ನೇ ಹೇಳಿದಳು. ಇಬ್ಬರೂ ಜಗಲಿಯಲ್ಲಿ ಕೂತು ಅವಳ ಫೋನ್ ತೆರೆದು ನೋಡಿದೆವು. ಸೆಟ್ಟಿಂಗ್ಸ್‌ಗೆ ಹೋಗಿ, ಮೇಲೆ ಹುಡುಕುವ ಜಾಗದಲ್ಲಿ 'ಡೇಟಾ ಯೂಸೇಜ್' ಅಂತ ಬರೆದರೆ ಸಾಕು, ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಗುತ್ತದೆ. ಅಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಇರುತ್ತದೆ. ಅಮ್ಮನ ಪಟ್ಟಿಯಲ್ಲಿ ಮೊದಲನೆಯದು ವಾಟ್ಸಾಪ್. ಎರಡನೆಯದು ಗೂಗಲ್ ಫೋಟೋಸ್. "ಅದನ್ನು ನಾನು ಮುಟ್ಟೇ ಇಲ್ಲ" ಅಂದಳು. ನಿಜ, ಮುಟ್ಟಿರಲಿಲ್ಲ. ಹೆಸರಿನ ಮೇಲೆ ಒತ್ತಿದಾಗ ಎರಡು ಲೆಕ್ಕ ಬಂತು. ಫೋರ್‌ಗ್ರೌಂಡ್ ಅಂದರೆ ನಾವು ತೆರೆದು ನೋಡುವಾಗ ಆದ ಖರ್ಚು. ಬ್ಯಾಕ್‌ಗ್ರೌಂಡ್ ಅಂದರೆ ನಾವು ಅದನ್ನು ತೆರೆಯದೇ ಇರುವಾಗ ಆದದ್ದು. ಹೆಚ್ಚುಕಡಿಮೆ ಎಲ್ಲವೂ ಬ್ಯಾಕ್‌ಗ್ರೌಂಡ್‌ನಲ್ಲೇ ಇತ್ತು. ತಂಗಿಯ ಮದುವೆಯಲ್ಲಿ ತೆಗೆದ ಫೋಟೋ, ವಿಡಿಯೋ ಎಲ್ಲವನ್ನೂ ಫೋನ್ ತಾನಾಗಿಯೇ ಗೂಗಲ್‌ಗೆ ಏರಿಸುತ್ತಾ ಕೂತಿತ್ತು. ಆ ಮದುವೆಯಲ್ಲಿ ನೀವು ಅವಳಿಗಿಂತ ಜಾಸ್ತಿ ವಿಡಿಯೋ ತೆಗೆದಿದ್ದೀರಿ, ನಿಮ್ಮದರಲ್ಲೂ ಇದೇ ಇರಬಹುದು ಅಂತ ನನ್ನ ಅನುಮಾನ. ಗೂಗಲ್ ಫೋಟೋಸ್ ತೆರೆದು, ಮೇಲಿನ ಮೂಲೆಯ ದುಂಡು ಚಿತ್ರ ಒತ್ತಿ, ಸೆಟ್ಟಿಂಗ್ಸ್, ಬ್ಯಾಕಪ್ ಒಳಗೆ ಮೊಬೈಲ್ ಡೇಟಾ ಇರುವಲ್ಲಿ 'ನೋ ಡೇಟಾ' ಮಾಡಿ. ಫೋಟೋ ಎಲ್ಲೂ ಹೋಗುವುದಿಲ್ಲ, ಫೋನಿನಲ್ಲೇ ಇರುತ್ತದೆ. ಇಲ್ಲಿಗೆ ಬಂದಾಗ ನಮ್ಮ ಮನೆಯ ವೈಫೈನಲ್ಲಿ ಎಲ್ಲವನ್ನೂ ಏರಿಸಿಬಿಡೋಣ.

ವಾಟ್ಸಾಪ್ ವಿಷಯ ಇಡೀ ಗ್ರೂಪಿಗೇ ಹೇಳಬೇಕು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ' ಇದೆ. ಅದರೊಳಗೆ ಮೊಬೈಲ್ ಡೇಟಾ ಇರುವಾಗ ಏನೇನು ತಾನಾಗಿ ಇಳಿಯಬೇಕು ಅಂತ ಕೇಳುತ್ತದೆ: ಫೋಟೋ, ಆಡಿಯೋ, ವಿಡಿಯೋ, ಡಾಕ್ಯುಮೆಂಟ್. ಅಮ್ಮನದರಲ್ಲಿ ನಾಲ್ಕಕ್ಕೂ ಟಿಕ್ ಇತ್ತು. ಒಂದು ವಿಡಿಯೋಗೆ 15 ಎಂಬಿ ಅಂದುಕೊಳ್ಳಿ. ಎಲ್ಲ ಗ್ರೂಪೂ ಸೇರಿ ದಿನಕ್ಕೆ 20 ಬಂದರೆ 300 ಎಂಬಿ ಅಲ್ಲಿಗೇ ಹೋಯಿತು, ನೀವು ಒಂದನ್ನೂ ನೋಡದಿದ್ದರೂ. ನಾಲ್ಕೂ ಟಿಕ್ ತೆಗೆಯಿರಿ. ಆಮೇಲೆ ಬೇಕಾದ್ದನ್ನು ಮಾತ್ರ ಒತ್ತಿ ಇಳಿಸಿಕೊಳ್ಳಬಹುದು. ವಾಯ್ಸ್ ಮೆಸೇಜ್ ಮಾತ್ರ ಆಗಲೂ ತಾನಾಗಿ ಬರುತ್ತದೆ, ಅದಕ್ಕೆ ಹೋಗುವ ಡೇಟಾ ತೀರಾ ಕಡಿಮೆ. ಮತ್ತೆ ಎಲ್ಲರಲ್ಲೂ ಒಂದು ವಿನಂತಿ. ದಯವಿಟ್ಟು ಬೆಳಗಿನ ಶುಭೋದಯದ ವಿಡಿಯೋ ಫಾರ್ವರ್ಡ್ ಮಾಡಬೇಡಿ. ಎರಡು ಸಾಲು ಬರೆದರೆ ಸಾಕು, ಓದೋಕೂ ಖುಷಿ. ಊರಿನಲ್ಲಿರುವವರಿಗೆ ವೈಫೈ ಇಲ್ಲ ಅನ್ನುವುದು ನಮಗೆ ಪೇಟೆಯಲ್ಲಿ ಕೂತು ಮರೆತೇ ಹೋಗುತ್ತದೆ.

ಚಿಕ್ಕಪ್ಪ ಅಡಿಕೆ ಸುಲಿಯುವಾಗ ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಾಕಿ ಫೋನ್ ಮಗುಚಿ ಇಟ್ಟಿರುತ್ತಾರೆ ಅಲ್ವಾ? ಅವರು ಕೇಳುವುದು ಭಾಗವತರ ಪದ, ಚಂಡೆ, ಮದ್ದಲೆ. ಆದರೆ ಕೆಳಗೆ ಮಗುಚಿದ ಪರದೆಯಲ್ಲಿ ವಿಡಿಯೋ ಪೂರ್ತಿ ಓಡುತ್ತಲೇ ಇರುತ್ತದೆ, ಡೇಟಾ ಹೋಗುವುದು ಅದಕ್ಕೆ. ಕೇಳುವುದನ್ನು ಬಿಡಬೇಡಿ ಅನ್ನಿ. ವಿಡಿಯೋ ಮೇಲೆ ಒತ್ತಿ, ಹಲ್ಲುಚಕ್ರದ ಗುರುತು ಒತ್ತಿ, ಕ್ವಾಲಿಟಿಯಲ್ಲಿ 144 ಆರಿಸಲಿ. ಚಿತ್ರ ಮಸುಕಾಗುತ್ತದೆ, ಪದ ಚೆನ್ನಾಗಿಯೇ ಕೇಳುತ್ತದೆ. ಇದು ಆ ಒಂದು ವಿಡಿಯೋಗೆ ಮಾತ್ರ. ಯಾವಾಗಲೂ ಕಡಿಮೆ ಇರಲಿ ಅಂದರೆ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಕ್ವಾಲಿಟಿಗೆ ಹೋಗಿ, ಮೊಬೈಲ್ ನೆಟ್‌ವರ್ಕ್‌ಗೆ 'ಡೇಟಾ ಸೇವರ್' ಹಾಕಬೇಕು. ಆಟೋಪ್ಲೇ ಕೂಡ ತೆಗೆದುಬಿಡಿ. ಇಲ್ಲದಿದ್ದರೆ ಅವರು ತೋಟಕ್ಕೆ ಹೋದ ಮೇಲೂ ಒಂದಾದ ಮೇಲೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ.

ಫೋನಿಗೇ ಒಂದು ಡೇಟಾ ಸೇವರ್ ಇದೆ, ಮೊದಲು ಹೇಳಿದ 'ಡೇಟಾ ಯೂಸೇಜ್' ಇರುವ ಫೋನಿನ ಸೆಟ್ಟಿಂಗ್ಸ್‌ನಲ್ಲಿ. ಆನ್ ಮಾಡಿದರೆ ಆ್ಯಪ್‌ಗಳು ಹಿಂದೆ ಕೂತು ಡೇಟಾ ತಿನ್ನುವುದು ನಿಲ್ಲುತ್ತದೆ. ಆದರೆ ಜೋಪಾನ, ವಾಟ್ಸಾಪ್ ಕೂಡ ಆ ಸಾಲಿಗೇ ಸೇರುತ್ತದೆ. ಆಗ ನೀವು ತೆರೆಯುವವರೆಗೆ ಮೆಸೇಜೂ ಅಕ್ಕನ ಕಾಲೂ ಬರದೇ ಇರಬಹುದು. ಅದಕ್ಕೆ ಅಲ್ಲೇ 'ಅನ್‌ರಿಸ್ಟ್ರಿಕ್ಟೆಡ್' ಅನ್ನುವ ಕಡೆ ವಾಟ್ಸಾಪ್‌ಗೆ ಮಾತ್ರ ಬಿಡುವು ಕೊಡಿ. ಇದೊಂದನ್ನು ಮರೆಯಬೇಡಿ.

ಪ್ಲೇ ಸ್ಟೋರ್‌ನಲ್ಲಿ ಆಟೋ ಅಪ್‌ಡೇಟ್ 'ವೈಫೈ ಇದ್ದಾಗ ಮಾತ್ರ' ಅಂತ ಮಾಡಿಡಿ. ನಿಮ್ಮಲ್ಲಿ ವೈಫೈ ಇಲ್ಲವಾದ್ದರಿಂದ ವಾಟ್ಸಾಪ್, ಬ್ಯಾಂಕಿನ ಆ್ಯಪ್ ಎರಡನ್ನು ಆಗಾಗ ನೀವೇ ಅಪ್‌ಡೇಟ್ ಮಾಡಿಕೊಳ್ಳಬೇಕು. ರಾತ್ರಿ ಮಲಗುವ ಮುಂಚೆ ಆ ದಿನದ್ದು ಉಳಿದಿದ್ದರೆ ಅದರಲ್ಲೇ ಮಾಡಿ. ಹೇಗೂ 12 ಗಂಟೆಗೆ ಹೊಸ ಲೆಕ್ಕ ಶುರು, ನಿಮ್ಮ ಪ್ಯಾಕ್‌ನಲ್ಲಿ ಉಳಿದದ್ದು ನಾಳೆಗೆ ಸೇರುವುದಿಲ್ಲ.

ಇನ್ನೊಂದು, ಖಾಲಿ ಅಂತ ಮೆಸೇಜ್ ಬಂದರೂ ನೆಟ್ ಪೂರ್ತಿ ಕಟ್ ಆಗಿರುವುದಿಲ್ಲ. ನಿಮ್ಮ ಪ್ಯಾಕ್‌ನಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ 1 ಎಂಬಿಯ ಒಂದು ಫೋಟೋ ಬರೋಕೆ ಎರಡು ನಿಮಿಷಕ್ಕಿಂತ ಜಾಸ್ತಿ. ಫೋಟೋ ಮೇಲೆ ಚಕ್ರ ಸುತ್ತುತ್ತಲೇ ಇರುವುದು ಅದಕ್ಕೇ. ಬರೆದ ಮೆಸೇಜ್ ನಿಧಾನಕ್ಕಾದರೂ ಹೋಗುತ್ತದೆ, ಹೆದರಬೇಡಿ.

ಭಾವ, ನಿಮ್ಮದು ಪೋಸ್ಟ್‌ಪೇಯ್ಡ್, ತಿಂಗಳ ಲೆಕ್ಕ. ನಿಮಗೆ 'ಡೇಟಾ ವಾರ್ನಿಂಗ್ ಅಂಡ್ ಲಿಮಿಟ್' ಒಳ್ಳೆಯದು. ಬಿಲ್ಲಿನ ತಾರೀಖು ಹಾಕಿ, ಪ್ಲಾನ್‌ಗಿಂತ ಸ್ವಲ್ಪ ಕಡಿಮೆಗೆ ಮಿತಿ ಇಡಿ. ವಾರ್ನಿಂಗ್ ಬರೀ ಎಚ್ಚರಿಸುತ್ತದೆ, ಲಿಮಿಟ್ ಮುಟ್ಟಿದರೆ ಫೋನೇ ಡೇಟಾ ನಿಲ್ಲಿಸುತ್ತದೆ. ಚಿಕ್ಕಮ್ಮಾ, ನೀವು ಲಿಮಿಟ್ ಹಾಕಬೇಡಿ, ಮತ್ತೆ ಕಾಲ್ ತಪ್ಪುತ್ತದೆ.

ಇಷ್ಟೂ ಒಂದೇ ದಿನ ಬೇಡ. ಇವತ್ತು ಆ 'ಡೇಟಾ ಯೂಸೇಜ್' ಪಟ್ಟಿ ತೆರೆದು ಒಂದು ಸ್ಕ್ರೀನ್‌ಶಾಟ್ ನನಗೆ ಕಳಿಸಿ, ಯಾವುದನ್ನು ಮೊದಲು ಹಿಡಿಯಬೇಕು ಅಂತ ನೋಡಿ ಫೋನ್ ಮಾಡುತ್ತೇನೆ. ರಾತ್ರಿ ಎಂಟೂವರೆಗೆ ಡೇಟಾ ಖಂಡಿತ ಆನ್ ಇರಲಿ. ಜಗಲಿಯ ಆ ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತಿರಿ, ಆಗ ಕಾಲ್ ಮಾಡು ಅಂತ ಅಕ್ಕನಿಗೆ ಹೇಳಿದ್ದೇನೆ.